ಸೊನ್ನೆಗೆ ಮರಳುವ ಮುಳ್ಳು

ಪಾರ್ಸೆಲ್ ಬಿಚ್ಚಿ ವಾಚನ್ನು ಕೈಗೆತ್ತಿಕೊಂಡ ಕೂಡಲೇ ಕಣ್ಣಿಗೆ ಬಿದ್ದದ್ದು ಆ ಕೆಂಪು ಮುಳ್ಳು. ಅದು ನೆಟ್ಟಗೆ ಹನ್ನೆರಡರ ಗೆರೆಯ ಮೇಲೆ ನಿಂತಿರಬೇಕಿತ್ತು. ನಿಂತಿರಲಿಲ್ಲ. ಸ್ವಲ್ಪ ಎಡಕ್ಕೆ ವಾಲಿತ್ತು. ಮೇಲಿನ ಬಟನ್ ಒತ್ತಿದೆ, ಮುಳ್ಳು ಓಡಿತು. ಮತ್ತೆ ಒತ್ತಿದೆ, ನಿಂತಿತು. ಕೆಳಗಿನ ಬಟನ್ ಒತ್ತಿದೆ, ಟಪ್ ಅಂತ ಹಾರಿ ವಾಪಸ್ ಬಂತು. ಬಂದು ನಿಂತದ್ದು ಮಾತ್ರ ಅದೇ ಜಾಗಕ್ಕೆ, ಹನ್ನೆರಡಕ್ಕಿಂತ ಅರ್ಧ ಸೆಕೆಂಡು ಹಿಂದೆ.

ನಾನು ಹಾಸನ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿಟಿ ಮೇಷ್ಟ್ರು. ಸೀಟಿ, ಸ್ಟಾಪ್‌ವಾಚು, ಸುಣ್ಣದ ಪುಡಿಯ ಡಬ್ಬ, ಇವು ಮೂರೇ ನನ್ನ ಹತಾರ. ಕ್ರೋನೋಗ್ರಾಫ್ ವಾಚು ಕಟ್ಟಬೇಕು ಅನ್ನುವ ಆಸೆ ಕಾಲೇಜಿನ ದಿನಗಳಿಂದ ಇತ್ತು. ಹೋದ ವರ್ಷ ಎಂಟು ಸಾವಿರ ರೂಪಾಯಿ ಕೂಡಿಟ್ಟು ಕೊಂಡೆ. ಒಂದು ವರ್ಷ ದಿನವೂ ಕಟ್ಟಿದ್ದೇನೆ. ಬಿಸಿಲು, ಧೂಳು, ಮಳೆ, ಮಕ್ಕಳ ನೂಕುನುಗ್ಗಲು ಎಲ್ಲವನ್ನೂ ಅದು ನೋಡಿದೆ. ಈಗ ಅದರ ಬಗ್ಗೆ ಬರೆಯುವಷ್ಟು ಪರಿಚಯ ಆಗಿದೆ ಅನ್ನಿಸುತ್ತದೆ.

ಕ್ರೋನೋಗ್ರಾಫ್ ಅಂದರೆ ಏನು ಅಂತ ಸ್ಟಾಫ್ ರೂಮಿನಲ್ಲಿ ಎಷ್ಟೋ ಜನ ಕೇಳಿದ್ದಾರೆ. ಗಂಟೆ ತೋರಿಸುವ ವಾಚಿನೊಳಗೇ ಒಂದು ಸ್ಟಾಪ್‌ವಾಚು ಕೂಡ ಇರುವುದು, ಅಷ್ಟೇ. ಬಲಗಡೆ ಕೀ ತಿರುಪಿನ ಮೇಲೊಂದು, ಕೆಳಗೊಂದು ಬಟನ್. ಮೇಲಿನದು ಓಡಿಸೋಕೆ, ನಿಲ್ಲಿಸೋಕೆ. ಕೆಳಗಿನದು ಸೊನ್ನೆಗೆ ತರೋಕೆ. ಹೆಸರಿನ ಹಿಂದೆ ಮಾತ್ರ ಒಂದು ಚೆಂದದ ಕತೆ ಇದೆ. ಗ್ರೀಕ್‌ನಲ್ಲಿ ಕ್ರೋನೋಸ್ ಅಂದರೆ ಕಾಲ, ಗ್ರಾಫ್ ಅಂದರೆ ಬರೆಯುವುದು. 1821ರಲ್ಲಿ ನಿಕೊಲಾ ರಿಯೂಸೆಕ್ ಅನ್ನುವ ಫ್ರೆಂಚ್ ಗಡಿಯಾರದವನು ಪ್ಯಾರಿಸ್‌ನ ಕುದುರೆ ಪಂದ್ಯಕ್ಕೆ ಒಂದು ಯಂತ್ರ ತಂದ. ಕುದುರೆ ಗೆರೆ ದಾಟುವಾಗ ಬಟನ್ ಒತ್ತಿದರೆ ತಿರುಗುವ ಡಯಲ್ ಮೇಲೆ ಒಂದು ಹನಿ ಶಾಯಿ ಬೀಳುತ್ತಿತ್ತು. ನಿಜವಾಗಿಯೂ ಕಾಲವನ್ನು ಬರೆಯುವ ಯಂತ್ರ. ಆದರೆ ಮುಂದಿನ ಪಂದ್ಯಕ್ಕೆ ಮೊದಲು ಆ ಶಾಯಿ ಒರೆಸಬೇಕಲ್ವಾ? ಬಟನ್ ಒತ್ತಿದ ಕೂಡಲೇ ಮುಳ್ಳು ತಾನೇ ಸೊನ್ನೆಗೆ ಹಾರುವಂತೆ ಮಾಡುವ ಸಣ್ಣ ಬಿಲ್ಲೆಗೆ ಅಡಾಲ್ಫ್ ನಿಕೋಲ್ ಪೇಟೆಂಟ್ ಪಡೆದದ್ದು 1844ರಲ್ಲಿ.

ನನ್ನ ಪ್ರಕಾರ ಇಡೀ ವಾಚಿನ ಜೀವ ಇರುವುದು ಆ ಬಿಲ್ಲೆಯಲ್ಲಿ. ಓಡುವುದನ್ನು ಯಾವ ಮುಳ್ಳಾದರೂ ಮಾಡುತ್ತದೆ. ಕರೆದಾಗಲೆಲ್ಲ, ಪ್ರತಿ ಸಲವೂ, ಸೊನ್ನೆಗೇ ಬಂದು ನಿಲ್ಲುವುದು ಕಷ್ಟದ ಕೆಲಸ. ಆದ್ದರಿಂದ ಕಮ್ಮಿ ದುಡ್ಡಿನ ಕ್ರೋನೋಗ್ರಾಫ್ ಹೇಗಿದೆ ಅಂತ ಯಾರಾದರೂ ಕೇಳಿದರೆ ನಾನು ಡಯಲ್ಲಿನ ಬಣ್ಣ, ಬೆಲ್ಟಿನ ಚರ್ಮ ನೋಡೋಕೆ ಹೋಗುವುದಿಲ್ಲ. ಕೆಳಗಿನ ಬಟನ್ ಒತ್ತಿ ನೋಡುತ್ತೇನೆ.

ಕೊಳ್ಳುವ ಮೊದಲು ತಿಂಗಳುಗಟ್ಟಲೆ ಓದಿದ್ದೆ, ಕಂಡ ಅಂಗಡಿಗೆಲ್ಲ ಹೋಗಿ ನೋಡಿದ್ದೆ. ಮೊದಲು ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಸಂತೆಯಲ್ಲಿ, ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ, ಮೊಬೈಲ್‌ನಲ್ಲಿ ಬರುವ ಜಾಹೀರಾತಿನಲ್ಲಿ ಐನೂರು, ಆರುನೂರಕ್ಕೆ ಸಿಗುವ ಎಷ್ಟೋ ವಾಚುಗಳಲ್ಲಿ ಮೂರು ಸಣ್ಣ ಡಯಲ್ ಕಾಣುತ್ತವೆ. ಅವು ಬರೀ ಅಚ್ಚು ಹಾಕಿದ ಚಿತ್ರ. ಮುಳ್ಳು ಅಂಟಿಸಿರುತ್ತಾರೆ, ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ನಮ್ಮ ಹತ್ತನೇ ಕ್ಲಾಸಿನ ಹುಡುಗನೊಬ್ಬ ಜಾತ್ರೆಯಲ್ಲಿ ಅಂಥದ್ದು ಕೊಂಡು ತಂದು, ಓಡಿಸಿ ತೋರಿಸ್ತೀನಿ ಸಾ ಅಂತ ಒತ್ತಿ ಒತ್ತಿ ಮುಖ ಸಪ್ಪೆ ಮಾಡಿಕೊಂಡದ್ದು ಇನ್ನೂ ಮನಸ್ಸಿನಲ್ಲಿದೆ. ಅಂಗಡಿಯಲ್ಲೇ ಬಟನ್ ಒತ್ತಿ. ಉದ್ದದ ಸೆಕೆಂಡ್ ಮುಳ್ಳು ಓಡಬೇಕು, ಒಂದು ನಿಮಿಷ ಕಾದರೆ ಸಣ್ಣ ಡಯಲ್ಲಿನ ಮುಳ್ಳು ಒಂದು ಗೆರೆ ಮುಂದೆ ಹೋಗಬೇಕು.

ಅದರ ಮೇಲಿನ ಮೆಟ್ಟಿಲು ಸೆಲ್ ಹಾಕುವ ಸಾಮಾನ್ಯ ಕ್ವಾರ್ಟ್ಜ್ ಕ್ರೋನೋಗ್ರಾಫ್. ಟೈಟನ್, ಟೈಮೆಕ್ಸ್, ಕ್ಯಾಸಿಯೊ ಎಲ್ಲರಲ್ಲೂ ಇವೆ. ಕೆಲಸ ಸರಿಯಾಗಿಯೇ ಮಾಡುತ್ತವೆ. ಇವುಗಳಲ್ಲಿ ಹಲವದರ ಮುಳ್ಳು ಸೆಕೆಂಡಿಗೆ ಒಂದೇ ಹೆಜ್ಜೆ ಇಡುತ್ತದೆ. ಸೊನ್ನೆಗೆ ತರುವಾಗ ಒಳಗಿನ ಮೋಟರ್ ಅದನ್ನು ಗರಗರ ಸುತ್ತಿಸಿ ತಂದು ನಿಲ್ಲಿಸುತ್ತದೆ. ಇನ್ನೊಂದು ತುದಿಯಲ್ಲಿ ಕೀ ಕೊಡುವ ಕ್ರೋನೋಗ್ರಾಫ್‌ಗಳು. ಅದರಲ್ಲಿ ಕೈಗೆಟುಕುವಂಥದ್ದು ಚೀನಾದ ಸೀಗಲ್ ಕಂಪನಿಯ ಎಸ್‌ಟಿ19. ಅದರ ಮೂಲ ಸ್ವಿಟ್ಜರ್ಲೆಂಡಿನ ವೀನಸ್ 175 ಅನ್ನುವ ಯಂತ್ರ. 1961ರಲ್ಲಿ ಚೀನಾದ ವಾಯುಪಡೆಯ ಪೈಲಟ್‌ಗಳಿಗೆ ಅಂತ ತಿಯಾಂಜಿನ್‌ನ ಕಾರ್ಖಾನೆ ಆ ಯಂತ್ರ ಮಾಡುವ ಕೆಲಸ ಶುರು ಮಾಡಿತು. ಹಿಂದುಗಡೆಯ ಗಾಜಿನಿಂದ ನೋಡಿದರೆ ಮನಸ್ಸು ಸೋತುಹೋಗುವಷ್ಟು ಚೆಂದ. ಆದರೆ ಅದು ನನ್ನ ಬಜೆಟ್ಟಿಗೆ ಮೀರಿದ್ದು. ನಾಳೆ ಕೆಟ್ಟರೆ ಹಾಸನದಲ್ಲಿ ಅದನ್ನು ಪೂರ್ತಿ ಬಿಚ್ಚಿ ಜೋಡಿಸುವ ಕೈ ನನಗೆ ಸಿಗಲಿಲ್ಲ.

ನಾನು ಕೊಂಡದ್ದು ಇವೆರಡರ ನಡುವಿನದು. ಒಳಗೆ ಸೈಕೊದ ವಿಕೆ64 ಯಂತ್ರ. ಮೆಕಾಕ್ವಾರ್ಟ್ಜ್ ಅಂತಾರೆ. ಗಂಟೆ, ನಿಮಿಷ ನಡೆಯುವುದು ಸೆಲ್ಲಿನಿಂದ. ಸ್ಟಾಪ್‌ವಾಚಿನ ಬಟನ್, ಸನ್ನೆಗಳು, ಸೊನ್ನೆಗೆ ಹೊಡೆಯುವ ಸುತ್ತಿಗೆ ಎಲ್ಲ ಹಳೇ ಕಾಲದ ಯಂತ್ರದ ಥರವೇ. ಮುಳ್ಳು ಸೆಕೆಂಡಿಗೆ ಐದು ಹೆಜ್ಜೆ ಇಡುತ್ತದೆ, ದೂರದಿಂದ ಜಾರಿದ ಹಾಗೆ ಕಾಣುತ್ತದೆ. ಗಂಟೆ ತಿಂಗಳಿಗೆ 20 ಸೆಕೆಂಡ್ ಆಚೀಚೆ ಆಗಬಹುದು ಅಂತ ಸೈಕೊ ಹೇಳುತ್ತದೆ. ನನ್ನದು ಅದಕ್ಕಿಂತ ಚೆನ್ನಾಗಿಯೇ ನಡೆದಿದೆ. ಸೆಲ್ಲು ಸುಮಾರು ಮೂರು ವರ್ಷ ಬರುತ್ತದೆ. ಈ ಯಂತ್ರವನ್ನು ಹತ್ತಾರು ಸಣ್ಣ ಕಂಪನಿಗಳು ತಂದು ತಮ್ಮ ಕೇಸಿನೊಳಗೆ ಕೂರಿಸಿ ಮಾರುತ್ತವೆ. ನನ್ನದನ್ನು ಕೂರಿಸಿದ ಕಂಪನಿಯ ಹೆಸರು ಇಲ್ಲಿ ಬೇಡ. ಮುಳ್ಳು ವಾಲಿದೆ ಅಂತ ಫೋಟೊ ಸಮೇತ ಬರೆದೆ. ಅಷ್ಟು ವ್ಯತ್ಯಾಸ ಸಹಜ ಅಂತ ಉತ್ತರ ಬಂತು.

ನನಗೆ ಅದು ಸಹಜ ಅನ್ನಿಸಲಿಲ್ಲ. ಗೆರೆಯ ಮೇಲೆ ಕಾಲಿಟ್ಟು ನಿಂತ ಹುಡುಗನಿಗೆ, ಸ್ವಲ್ಪ ಹಿಂದೆ ಬಾ, ಗೆರೆ ಮುಟ್ಟಬೇಡ ಅಂತ ಹೇಳುವವನು ನಾನು.

ಮೋಟರ್‌ನಿಂದ ತಿರುಗುವ ಕ್ವಾರ್ಟ್ಜ್ ವಾಚಾಗಿದ್ದರೆ ಕೀ ತಿರುಪನ್ನು ಹೊರಗೆಳೆದು ಬಟನ್ ಒತ್ತುತ್ತಾ ಮುಳ್ಳನ್ನು ನಾವೇ ಸರಿ ಮಾಡಿಕೊಳ್ಳಬಹುದು. ಮೆಕಾಕ್ವಾರ್ಟ್ಜ್‌ನಲ್ಲಿ ಆಗುವುದಿಲ್ಲ. ಸುತ್ತಿಗೆ ಎಲ್ಲಿಗೆ ಹೊಡೆಯುತ್ತದೋ ಅದೇ ಸೊನ್ನೆ. ಮುಳ್ಳು ಅಲ್ಲಿಗೆ ಸರಿಯಾಗಿ ಕೂತಿಲ್ಲ ಅಂದರೆ ಅದನ್ನು ಕಿತ್ತು ಮತ್ತೆ ಕೂರಿಸಬೇಕು. ಹಾಗಾಗಿ ಒಂದು ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಕಟ್ಟಿನಕೆರೆ ಮಾರ್ಕೆಟ್ ಕಡೆ ಹೋದೆ. ಅಲ್ಲೊಂದು ಪುಟ್ಟ ಅಂಗಡಿ ಇದೆ. ಅಪ್ಪನ ಹೆಚ್‌ಎಂಟಿ ಜನತಾವನ್ನು ರಿಪೇರಿ ಮಾಡುತ್ತಿದ್ದವರೂ ಆ ಅಂಗಡಿಯ ಯಜಮಾನರೇ. ಅಪ್ಪ ಸಕಲೇಶಪುರದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಬೆಳಿಗ್ಗೆ ರೇಡಿಯೋದ ಪೀಪ್ ಸದ್ದಿಗೆ ವಾಚು ಸರಿ ಮಾಡಿ, ಕೀ ಕೊಟ್ಟು, ಆಮೇಲೇ ಆಳುಗಳ ಹಾಜರಿಗೆ ಹೊರಡುತ್ತಿದ್ದರು. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಶುರುವಾದ ಹೆಚ್‌ಎಂಟಿ ವಾಚು ಕಾರ್ಖಾನೆ ಈಗ ಇಲ್ಲ. ಯಜಮಾನರ ಮೇಜಿನ ಡ್ರಾದಲ್ಲಿ ಅದರ ಬಿಡಿಭಾಗಗಳು ಇನ್ನೂ ಡಬ್ಬಗಟ್ಟಲೆ ಇವೆ. ಒಂದೊಂದು ಡಬ್ಬದ ಮೇಲೂ ಪೆನ್ನಿನಲ್ಲಿ ಬರೆದ ಚೀಟಿ.

“ಯಜಮಾನ್ರೇ, ಇದರ ಮುಳ್ಳು ಸೊನ್ನೆಗೆ ಬರ್ತಿಲ್ಲ” ಅಂದೆ.

ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನಾಲ್ಕು ಸಲ ಒತ್ತಿ ನೋಡಿದರು. “ಬರ್ತಿದೆ ಮೇಷ್ಟ್ರೇ. ಮೆಷಿನ್ ಸರಿಯಾಗೇ ಬರ್ತಿದೆ. ಪ್ರತಿ ಸಲ ಒಂದೇ ಜಾಗಕ್ಕೆ ನಿಲ್ತಿದೆ ನೋಡಿ. ಮುಳ್ಳು ಕೂರಿಸಿದವರು ಅವಸರ ಮಾಡಿದ್ದಾರೆ, ಅಷ್ಟೇ.”

ಅದು ಹೇಗೆ ಪ್ರತಿ ಸಲ ಒಂದೇ ಜಾಗಕ್ಕೆ ಬರುತ್ತದೆ ಅಂತ ಕೇಳಿದೆ. ಅವರು ಎಲೆ ಅಡಿಕೆಯ ಪೊಟ್ಟಣ ಬಿಚ್ಚಿ ಒಂದು ಸಣ್ಣ ವೀಳ್ಯದೆಲೆ ತೆಗೆದರು. ತೊಟ್ಟು ಚಿವುಟಿದರು. ಎಲೆಯ ನಡುವೆ ಒಂದು ಗುಂಡುಸೂಜಿ ಚುಚ್ಚಿ ಮೇಜಿನ ರಟ್ಟಿಗೆ ನೆಟ್ಟರು. ಎಲೆ ಸೂಜಿಯ ಸುತ್ತ ಸಡಿಲವಾಗಿ ತಿರುಗುತ್ತಿತ್ತು. ಆಮೇಲೆ ಒಂದು ಚಪ್ಪಟೆ ಪಟ್ಟಿ ತೆಗೆದುಕೊಂಡು ಎಲೆಯ ಅಂಚಿಗೆ ಒತ್ತಿದರು. ಎಲೆ ನಿಧಾನವಾಗಿ ತಿರುಗಿತು. ಅಂಚು ಪಟ್ಟಿಯ ಮೇಲೆ ಜಾರುತ್ತಾ ಹೋಗಿ, ತೊಟ್ಟಿನ ಎರಡೂ ಬದಿಯ ಉಬ್ಬು ಒಟ್ಟಿಗೆ ಪಟ್ಟಿಗೆ ತಾಗಿದಾಗ ನಿಂತಿತು. ಎಲೆಯನ್ನು ಬೇರೆ ಕಡೆಗೆ ತಿರುಗಿಸಿಟ್ಟು ಮತ್ತೆ ಒತ್ತಿದರು. ಈ ಸಲ ಇನ್ನೊಂದು ದಿಕ್ಕಿನಿಂದ ಸುತ್ತಿ ಬಂದು ಅಲ್ಲೇ ನಿಂತಿತು. ಎಲ್ಲಿಂದ ಒತ್ತಿದರೂ ಅದಕ್ಕೆ ನೆಮ್ಮದಿ ಸಿಗುವ ಜಾಗ ಅದೊಂದೇ.

“ಈ ಎಲೆ ಥರದ ಬಿಲ್ಲೆ ಒಳಗಿದೆ. ಮುಳ್ಳು ಅದರ ದಂಡಕ್ಕೇ ಕೂತಿರುತ್ತೆ. ನೀವು ಬಟನ್ ಒತ್ತಿದಾಗ ಸುತ್ತಿಗೆ ಹೀಗೆ ಹೊಡೆಯುತ್ತೆ” ಅಂದರು. ಇದಕ್ಕೆ ಪುಸ್ತಕದಲ್ಲಿ ಹೃದಯದ ಆಕಾರ ಅಂತ ಬರೆದಿರುತ್ತಾರೆ. ನನಗೆ ಇನ್ನು ಮೇಲೆ ಅದು ವೀಳ್ಯದೆಲೆಯೇ.

ಕೆಲಸ ಮಾಡುವುದನ್ನು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ನೋಡಿದೆ. ಹಿಂದಿನ ಮುಚ್ಚಳ ತೆಗೆದರು. ಸೂಜಿಯ ತುದಿಯಿಂದ ಒಂದು ಚುಕ್ಕೆ ಒತ್ತಿ ಕೀ ತಿರುಪನ್ನು ಎಳೆದುಕೊಂಡರು. ಯಂತ್ರ, ಡಯಲ್, ಮುಳ್ಳುಗಳು ಒಟ್ಟಿಗೆ ಅವರ ಅಂಗೈಗೆ ಜಾರಿದವು. ಫ್ಯಾನ್ ಆಫ್ ಮಾಡಿ ಅಂದರು. ಕೆಂಪು ಮುಳ್ಳು ಎಲ್ಲಕ್ಕಿಂತ ಮೇಲೆ ಕೂತಿರುವುದರಿಂದ ಬೇರೆ ಮುಳ್ಳುಗಳನ್ನು ಮುಟ್ಟುವ ಅಗತ್ಯ ಇರಲಿಲ್ಲ. ಡಯಲ್ಲಿಗೆ ಗೀರು ಬೀಳದಂತೆ ಒಂದು ತುಂಡು ಪ್ಲಾಸ್ಟಿಕ್ ಹಾಳೆ ಇಟ್ಟು, ಸಣ್ಣ ಮೀಟುಗೋಲುಗಳಿಂದ ಎರಡೂ ಬದಿಗೆ ಮೀಟಿ ಎತ್ತಿದರು. ಬಿಳಿ ಕಾಗದದ ಮೇಲೆ ಅದು ಒಂದು ಕೆಂಪು ಎಳೆ. ಆಮೇಲೆ ಸೊನ್ನೆಯ ಸನ್ನೆಯನ್ನು ಒತ್ತಿ ಹಿಡಿದು, ಒಳಗಿನ ಬಿಲ್ಲೆ ತನ್ನ ಜಾಗಕ್ಕೆ ಬಂದು ಕೂರುವಂತೆ ಮಾಡಿ, ಚಿಮಟದಲ್ಲಿ ಮುಳ್ಳು ಎತ್ತಿ ಹನ್ನೆರಡರ ಗೆರೆಗೆ ಹಿಡಿದರು. ಉಸಿರು ಕಟ್ಟಿದ್ದರು, ನಾನೂ ಕಟ್ಟಿದ್ದೆ. ಮೆಲ್ಲಗೆ ಒತ್ತಿದರು. ಓಡಿಸಿ, ನಿಲ್ಲಿಸಿ, ಸೊನ್ನೆಗೆ ತಂದು ನೋಡಿದರು. ಇನ್ನೂ ಕೂದಲೆಳೆ ಬಾಕಿ ಇತ್ತು. ಮತ್ತೆ ಕಿತ್ತರು. ಮೂರನೇ ಸಲಕ್ಕೆ ಕೂತಿತು. ಅದಾದ ಮೇಲೂ ಸುಮ್ಮನಾಗದೆ ಹತ್ತು ಸಲ ಓಡಿಸಿ ನೋಡಿದರು. ಹತ್ತು ಸಲವೂ ಸೊನ್ನೆ.

ನೂರೈವತ್ತು ರೂಪಾಯಿ ತೆಗೆದುಕೊಂಡರು. ಆ ಕೈಗೆ ಅದು ಏನೇನೂ ಸಾಲದು.

ಇನ್ನು ಮೈದಾನದ ವಿಷಯ. ಪಿಟಿ ಮೇಷ್ಟ್ರಿಗೆ ಈ ವಾಚು ಕೆಲಸಕ್ಕೆ ಬರುತ್ತಾ? ನೂರು ಮೀಟರ್ ಓಟಕ್ಕೆ ಬರುವುದಿಲ್ಲ. ಇದನ್ನು ಒಪ್ಪಿಕೊಳ್ಳಲೇಬೇಕು. ನೂರು ಮೀಟರ್‌ನಲ್ಲಿ ಮೊದಲನೆಯವನಿಗೂ ಮೂರನೆಯವನಿಗೂ ಎಷ್ಟೋ ಸಲ ಇರುವ ಅಂತರ ಕಾಲು ಸೆಕೆಂಡು. ನನ್ನ ಮುಳ್ಳಿನ ಒಂದು ಹೆಜ್ಜೆಯೇ ಸೆಕೆಂಡಿನ ಐದನೇ ಒಂದು ಭಾಗ. ನಮ್ಮೂರಿನಿಂದ ಹಾಸನಕ್ಕೆ ಬರುವಾಗ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನ ದೊಡ್ಡ ತಟ್ಟೆ ಆಂಟೆನಾಗಳನ್ನು ನೋಡಿದಾಗೆಲ್ಲ ಒಂದು ಲೆಕ್ಕ ನೆನಪಾಗುತ್ತದೆ. 1982ರಿಂದ ಅಲ್ಲಿಂದಲೇ ನಮ್ಮ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದ್ದಾರೆ. ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಕ್ಕೆ ಅಲ್ಲಿಂದ ಹೊರಟ ಸಿಗ್ನಲ್ ತಲುಪೋಕೆ 0.12 ಸೆಕೆಂಡ್ ಸಾಕು. ಅಷ್ಟರಲ್ಲಿ ನನ್ನ ಮುಳ್ಳು ಒಂದು ಹೆಜ್ಜೆಯನ್ನೂ ಮುಗಿಸಿರುವುದಿಲ್ಲ.

ಇನ್ನೊಂದು ಮಾತು ಕೈಯಿಂದ ಟೈಮ್ ಹಿಡಿಯುವ ಎಲ್ಲರಿಗೂ ಸೇರಿದ್ದು. ಓಟ ಮುಗಿಯುವ ಗೆರೆಯ ಹತ್ತಿರ ನಿಂತವನು ಪಿಸ್ತೂಲಿನ ಸದ್ದು ಕೇಳಿ ಬಟನ್ ಒತ್ತಬಾರದು, ಹೊಗೆ ನೋಡಿ ಒತ್ತಬೇಕು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೂರು ಮೀಟರ್ ದಾಟಿ ನನ್ನ ಕಿವಿಗೆ ಬರುವಷ್ಟರಲ್ಲಿ 0.29 ಸೆಕೆಂಡ್ ಕಳೆದಿರುತ್ತದೆ. ಹೊಗೆ ನೋಡಿ ಒತ್ತಿದರೂ ಬೆರಳು ತಡವಾಗುತ್ತದೆ. ಕೈಯಲ್ಲಿ ಹಿಡಿದ ನೂರು ಮೀಟರ್ ಟೈಮನ್ನು ಎಲೆಕ್ಟ್ರಾನಿಕ್ ಟೈಮಿಗೆ ಹೋಲಿಸುವಾಗ 0.24 ಸೆಕೆಂಡ್ ಸೇರಿಸುವ ರೂಢಿ ಬಂದದ್ದೂ ಇದಕ್ಕೇ. ಹಾಗಾಗಿ ಸಣ್ಣ ಓಟಕ್ಕೆ ಶಾಲೆಯ ಮುನ್ನೂರು ರೂಪಾಯಿಯ ಡಿಜಿಟಲ್ ಸ್ಟಾಪ್‌ವಾಚೇ ಸರಿ. ಎಂಟು ಸಾವಿರದ ವಾಚಿಗಿಂತ ಈ ಕೆಲಸಕ್ಕೆ ಅದೇ ಮೇಲು.

ದೂರದ ಓಟಕ್ಕೆ ಬಂದರೆ ಲೆಕ್ಕ ಬದಲಾಗುತ್ತದೆ. ಈ ವಾಚಿನ ಮೇಲೆ ನನಗೆ ನಿಜವಾದ ಪ್ರೀತಿ ಹುಟ್ಟಿದ್ದೂ ಅಲ್ಲೇ.

ನಮ್ಮ ಶಾಲೆಯ ಟ್ರ್ಯಾಕ್ 200 ಮೀಟರ್. 1500 ಮೀಟರ್ ಅಂದರೆ ಏಳೂವರೆ ಸುತ್ತು. ಎದುರು ಬದಿಯಿಂದ ಓಟ ಶುರು, ನಾನು ನಿಂತ ಗೆರೆಯಲ್ಲಿ ಮುಗಿಯುವುದು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಆರು ನಿಮಿಷದೊಳಗೆ ಮುಗಿಸುವ ಆಸೆ. ಅವಳ ತೊಂದರೆ ಎಲ್ಲ ಮಕ್ಕಳ ತೊಂದರೆಯೇ. ಮೊದಲ ಎರಡು ಸುತ್ತು ಗಾಳಿಯ ಹಾಗೆ, ಐದನೇ ಸುತ್ತಿಗೆ ಏದುಸಿರು. ಡಿಜಿಟಲ್ ವಾಚು ನೋಡಿ ನಾನು ಒಂದು ನಿಮಿಷ ಹನ್ನೊಂದು, ಎರಡು ನಿಮಿಷ ಮೂರು ಅಂತ ಕೂಗುತ್ತಿದ್ದೆ. ಓಡುವ ಮಗುವಿಗೆ ಅದರಿಂದ ಏನು ತಿಳಿಯಬೇಕು? ಕೂಡಿ ಕಳೆದು ಹೇಳುವಷ್ಟರಲ್ಲಿ ಅವಳು ಮುಂದೆ ಹೋಗಿರುತ್ತಿದ್ದಳು.

ಒಂದು ಸಂಜೆ ಈ ವಾಚು ಹಿಡಿದು ಕೂತು ಲೆಕ್ಕ ಹಾಕಿದೆ. ಆರು ನಿಮಿಷಕ್ಕೆ ಮುಗಿಯಬೇಕಾದರೆ ಒಂದು ಸುತ್ತಿಗೆ 48 ಸೆಕೆಂಡ್. ಅಂದರೆ ಅವಳು ಪ್ರತಿ ಸಲ ನನ್ನ ಗೆರೆ ದಾಟುವಾಗ ಕೆಂಪು ಮುಳ್ಳು ಹಿಂದಿನ ಸಲಕ್ಕಿಂತ 12 ಸೆಕೆಂಡ್ ಹಿಂದೆ ಇರಬೇಕು. ಮೊದಲ ಸಲ ದಾಟುವಾಗ 24ರ ಮೇಲೆ. ಆಮೇಲೆ 12. ಆಮೇಲೆ ನೇರ ಸೊನ್ನೆ. ಮತ್ತೆ 48, 36, 24, 12, ಕೊನೆಗೆ ಗೆರೆ ಮುಟ್ಟುವಾಗ ಮತ್ತೆ ಸೊನ್ನೆ. ಕೂಡುವುದಿಲ್ಲ, ಕಳೆಯುವುದಿಲ್ಲ. ಮುಳ್ಳು ಇರಬೇಕಾದ ಜಾಗಕ್ಕಿಂತ ಮುಂದಿದ್ದರೆ ತಡವಾಗಿದೆ, ಹಿಂದಿದ್ದರೆ ಬೇಗ ಓಡುತ್ತಿದ್ದಾಳೆ. ಒಂದು ನೋಟ ಸಾಕು. ಅಂಕಿ ತೋರಿಸುವ ವಾಚಿಗೆ ಇದು ಬರುವುದಿಲ್ಲ. ಮುಳ್ಳಿನ ವಾಚಿಗೆ ಜಾಗ ಅನ್ನುವುದು ಇದೆ.

ಮಾರನೇ ದಿನ ಅವಳಿಗೆ ಡಯಲ್ ತೋರಿಸಿ ವಿವರಿಸಿದೆ. ಮೂರನೇ ಸಲ ದಾಟುವಾಗ ಮುಳ್ಳು ಇನ್ನೂ 57ರಲ್ಲಿತ್ತು. “ಮೂರು ಜಾಸ್ತಿ ಓಡಿದೀಯ ಪುಟ್ಟಿ, ಇಳಿಸು” ಅಂದೆ. ಇಳಿಸಿದಳು. ಐದನೇ ಸಲ ಮುಳ್ಳು 36ರ ಮೇಲೇ ಇತ್ತು. ಏನೂ ಹೇಳದೆ ಬರೀ ಹೆಬ್ಬೆರಳು ಎತ್ತಿದೆ. ಕೊನೆಗೆ ಗೆರೆ ದಾಟಿದಾಗ ಮುಳ್ಳು ಸೊನ್ನೆ ದಾಟಿ ಮೂರು ಸೆಕೆಂಡ್ ಮುಂದೆ ಹೋಗಿತ್ತು. ಅವಳು ಬಗ್ಗಿ ಮೊಣಕಾಲು ಹಿಡಿದು, ಉಸಿರಾಡುತ್ತಲೇ ನನ್ನ ಕೈ ಎಳೆದು ವಾಚು ನೋಡಿದಳು. “ಇಷ್ಟೇನಾ ಸಾ?” ಅಂದಳು. ಹನ್ನೆರಡಕ್ಕೂ ಆ ಮುಳ್ಳಿಗೂ ನಡುವೆ ಇದ್ದ ಸಂದು ಅವಳ ಕಿರುಬೆರಳಿಗಿಂತ ಕಮ್ಮಿ ಇತ್ತು.

ಮುಳ್ಳು ಅರ್ಧ ಸೆಕೆಂಡು ವಾಲಿದ್ದರೆ ಏನಾಗುತ್ತಿತ್ತು ಅಂತ ಕೇಳುವವರಿಗೆ ನಾನು ಆ ಹುಡುಗಿಯ ಮುಖ ತೋರಿಸಬೇಕು.

ಬಟನ್ ಬಗ್ಗೆಯೂ ಒಂದು ಮಾತು. ಫೋನಿನಲ್ಲೇ ಸ್ಟಾಪ್‌ವಾಚು ಇದೆಯಲ್ಲ ಅಂತಾರೆ. ಇದೆ. ಆದರೆ ಬೆವರಿದ ಬೆರಳಿಗೆ ಪರದೆ ಸ್ಪಂದಿಸುವುದಿಲ್ಲ. ಒತ್ತಿದ್ದು ಹತ್ತಿತೋ ಇಲ್ಲವೋ ನೋಡೋಕೆ ಕಣ್ಣನ್ನು ಓಟದಿಂದ ತೆಗೆಯಬೇಕು. ಈ ಬಟನ್ ಒತ್ತಿದಾಗ ಬೆರಳಿಗೇ ಒಂದು ಕಟಕ್ ಗೊತ್ತಾಗುತ್ತದೆ. ಕಣ್ಣು ಮಕ್ಕಳ ಮೇಲೇ ಇರುತ್ತದೆ.

ಡಯಲ್ಲಿನ ಅಂಚಿಗೆ 500ರಿಂದ 60ರವರೆಗೆ ಅಂಕಿಗಳಿವೆ. ಟ್ಯಾಕಿಮೀಟರ್ ಅಂತ ಹೆಸರು. ಬಹಳ ಜನ ಅದನ್ನು ಅಲಂಕಾರ ಅಂದುಕೊಂಡಿದ್ದಾರೆ. ಲೆಕ್ಕ ಸುಲಭ, ಒಂದು ಗಂಟೆಯ 3600 ಸೆಕೆಂಡನ್ನು ಮುಳ್ಳು ತೋರಿಸಿದ ಸೆಕೆಂಡಿನಿಂದ ಭಾಗಿಸಿ ಬರೆದಿರುತ್ತಾರೆ. ಸಕಲೇಶಪುರದ ಕಡೆ ಹೋಗುವ ಕೆಂಪು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಂದು ಕಿಲೋಮೀಟರ್ ಕಲ್ಲಿಗೆ ಒತ್ತಿ, ಮುಂದಿನದಕ್ಕೆ ನಿಲ್ಲಿಸಿದೆ. 50 ಸೆಕೆಂಡ್, ಅಂಚಿನಲ್ಲಿ ನೋಡಿದರೆ 72. ಗಂಟೆಗೆ 72 ಕಿಲೋಮೀಟರ್. ಘಾಟಿಯಲ್ಲಿ ನಿಧಾನ ಹೋಗುವ ರೈಲಿಗೆ ಮಾತ್ರ ಇದು ನೇರವಾಗಿ ನಡೆಯುವುದಿಲ್ಲ. ಒಂದು ನಿಮಿಷಕ್ಕಿಂತ ಜಾಸ್ತಿ ಹಿಡಿದರೆ ಮುಳ್ಳು ಅಂಕಿಯ ಸಾಲನ್ನೇ ದಾಟಿಬಿಡುತ್ತದೆ. ಆಗ ಅರ್ಧ ಕಿಲೋಮೀಟರ್ ಅಳೆದು ಬಂದದ್ದನ್ನು ಅರ್ಧ ಮಾಡಬೇಕು.

ವೇಗಕ್ಕಷ್ಟೇ ಅಲ್ಲ, ಯಾವ ಕೆಲಸಕ್ಕಾದರೂ ಇದು ನಡೆಯುತ್ತದೆ. ಮೇ ತಿಂಗಳಲ್ಲಿ ಎಪಿಎಂಸಿಯಲ್ಲಿ ಜಲಂಧರ್‌ನ ಬಿತ್ತನೆ ಆಲೂಗಡ್ಡೆ ತರೋಕೆ ಭಾವನ ಜೊತೆ ಹೋಗಿದ್ದೆ. ಸರತಿ ಉದ್ದ ಇತ್ತು. ಒಂದು ಮೂಟೆ ತೂಕಕ್ಕೆ ಇಟ್ಟು ಇಳಿಸೋಕೆ 45 ಸೆಕೆಂಡ್ ಹಿಡಿಯಿತು. ಅಂಚಿನ ಅಂಕಿ 80. ಗಂಟೆಗೆ 80 ಮೂಟೆ. ನಮ್ಮ ಮುಂದೆ ಇನ್ನೂರರ ಹತ್ತಿರ ಮೂಟೆ ಇದ್ದವು. “ಭಾವ, ಎರಡೂವರೆ ಗಂಟೆ ಆಗುತ್ತೆ, ಊಟ ಮಾಡ್ಕೊಂಡೇ ಬರೋಣ” ಅಂದೆ. ಬಂದಾಗ ನಮ್ಮ ಸರತಿಗೆ ಇನ್ನೂ ಸಮಯ ಇತ್ತು.

ಕೊರತೆಗಳನ್ನೂ ಹೇಳಬೇಕು. ಬಲಗಡೆಯ ಸಣ್ಣ ಡಯಲ್ 24 ಗಂಟೆ ತೋರಿಸುತ್ತದೆ. ಹಗಲೋ ರಾತ್ರಿಯೋ ಅಂತ ತಿಳಿಯೋಕೆ ನನಗೆ ವಾಚು ಬೇಡ, ಅದು ಸುಮ್ನೆ ಜಾಗ ತುಂಬಿಸೋಕೆ ಇದೆ. ಅದರ ಬದಲು ಸದಾ ಓಡುವ ಒಂದು ಪುಟ್ಟ ಸೆಕೆಂಡ್ ಮುಳ್ಳು ಇರಬೇಕಿತ್ತು. ಈ ಯಂತ್ರದಲ್ಲಿ ಅದಿಲ್ಲ. ಸ್ಟಾಪ್‌ವಾಚು ನಿಂತಿದ್ದಾಗ ಡಯಲ್ ಮೇಲೆ ಏನೂ ಕದಲುವುದಿಲ್ಲ. ವಾಚು ನಡೀತಿದೆಯಾ, ಸೆಲ್ಲು ಸತ್ತಿದೆಯಾ ಅಂತ ಒಂದು ಕ್ಷಣ ಅನುಮಾನ ಬರುತ್ತದೆ. ಗಾಜು ಮಿನರಲ್ ಗಾಜು. ಮೈದಾನದ ಧೂಳಿನಲ್ಲಿ ಇರುವ ಮರಳು ಅದಕ್ಕಿಂತ ಗಟ್ಟಿ. ಒಂದು ವರ್ಷದಲ್ಲಿ ನಾಲ್ಕು ಗೀರು ಬಿದ್ದಿವೆ. ಇನ್ನೊಂದೆರಡು ಸಾವಿರ ಸೇರಿಸಿ ಸಫೈರ್ ಗಾಜಿನದ್ದು ಕೊಂಡಿದ್ದರೆ ಈ ಬೇಜಾರು ಇರುತ್ತಿರಲಿಲ್ಲ. ಹಿಂದುಗಡೆ 30 ಮೀಟರ್ ಅಂತ ಬರೆದಿದೆ ಅಂತ ಅದನ್ನು ಕಟ್ಟಿಕೊಂಡು ಗೊರೂರಿನ ಹಿನ್ನೀರಿಗೆ ಇಳಿಯಬೇಡಿ. ಅದು ಕೈ ತೊಳೆಯುವಾಗ ಬೀಳುವ ನೀರಿಗೆ, ಸಣ್ಣ ಮಳೆಗೆ ಅಷ್ಟೇ. ನೀರಿನಲ್ಲಿ ಬಟನ್ ಒತ್ತುವುದಂತೂ ಬೇಡವೇ ಬೇಡ. ಬೆಲ್ಟು ಬೆವರಿಗೆ ಮೂರು ತಿಂಗಳಲ್ಲಿ ಹಾಳಾಯಿತು, ನೈಲಾನ್ ಹಾಕಿಸಿದೆ.

ಇಷ್ಟೆಲ್ಲ ಇದ್ದರೂ ಇದನ್ನು ಬಿಚ್ಚಿಡೋಕೆ ಮನಸ್ಸು ಬರುವುದಿಲ್ಲ. ಹೋದ ಸೆಪ್ಟೆಂಬರ್‌ನಲ್ಲಿ, ಉತ್ತರೆ ಮಳೆಯ ದಿನಗಳಲ್ಲಿ ನಡೆದದ್ದು ಹೇಳುತ್ತೇನೆ.

ಮಧ್ಯಾಹ್ನ ಮೂರೂವರೆ. ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದವರು, ಅವರ ಜೊತೆ ಖೋಖೋ ತಂಡ, ಒಟ್ಟು ಮೂವತ್ತು ಮಕ್ಕಳು ಮೈದಾನದಲ್ಲಿದ್ದರು. ನಮ್ಮ ತಲೆಯ ಮೇಲೆ ಬಿಸಿಲೇ ಇತ್ತು. ಗೊರೂರಿನ ಕಡೆ ಮಾತ್ರ ಮೋಡ ಕಪ್ಪಾಗಿತ್ತು. ಅಲ್ಲೊಂದು ಮಿಂಚು ಹೊಳೆಯಿತು. ಬೆರಳು ತಾನಾಗಿಯೇ ಬಟನ್ ಮೇಲೆ ಹೋಗಿ ಒತ್ತಿತು. ಗುಡುಗು ಕೇಳಿದಾಗ ನಿಲ್ಲಿಸಿದೆ. 18 ಸೆಕೆಂಡ್. ಸದ್ದು ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಬರುತ್ತದೆ. ಸಿಡಿಲು ಆರು ಕಿಲೋಮೀಟರ್ ದೂರದಲ್ಲಿತ್ತು.

ಆರು ಕಿಲೋಮೀಟರ್ ಅಂದರೆ ದೂರ ಅನ್ನಿಸುತ್ತದೆ, ಅಲ್ವಾ? ಸಿಡಿಲಿಗೆ ಅದು ದೂರ ಅಲ್ಲ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಮ್ಮಿ ಇದ್ದರೆ, ಅಂದರೆ ಹತ್ತು ಕಿಲೋಮೀಟರ್ ಒಳಗಿದ್ದರೆ, ಬಯಲಿನಲ್ಲಿ ಇರಬಾರದು. ಮರದ ಕೆಳಗೂ ನಿಲ್ಲಬಾರದು. ಗಟ್ಟಿ ಕಟ್ಟಡದೊಳಗೆ ಸೇರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಬರಬಾರದು. ನಮ್ಮ ಜಿಲ್ಲೆಯಲ್ಲಿ ಹೊಲದಲ್ಲಿ, ಮರದಡಿ ಸಿಡಿಲು ಬಡಿದು ಜನ, ದನ ಸತ್ತ ಸುದ್ದಿ ಓದದ ವರ್ಷ ಇಲ್ಲ.

ಉದ್ದಕ್ಕೆ ಸೀಟಿ ಊದಿದೆ. ಮೋಡ ಇಲ್ಲ ಸಾ, ಬಿಸಿಲಿದೆ ಸಾ ಅಂತ ಗೊಣಗುತ್ತಲೇ ಎಲ್ಲರೂ ಒಳಗೆ ಬಂದರು. ಹತ್ತನೇ ಕ್ಲಾಸಿನ ರೂಮಿನಲ್ಲಿ ಕೂರಿಸಿದೆ. ಮುಳ್ಳನ್ನು ಸೊನ್ನೆಗೆ ತಂದು ಮತ್ತೆ ಓಡಿಸಿದೆ. ಈಗ ನೋಡಬೇಕಾದದ್ದು ಎಡಗಡೆಯ ಸಣ್ಣ ಡಯಲ್, ನಿಮಿಷದ್ದು. ಅದು 30 ಮುಟ್ಟಿದರೆ ಆಟ.

ಎಂಟು ನಿಮಿಷಕ್ಕೆ ಇನ್ನೊಂದು ಗುಡುಗು. ಸೊನ್ನೆಗೆ ತಂದೆ. ಐದು ನಿಮಿಷಕ್ಕೆ ಮತ್ತೊಂದು, ಈ ಸಲ ಕಿಟಕಿ ಅದುರಿತು. ಯಾರೂ ಗೊಣಗಲಿಲ್ಲ. ಮಳೆ ಸುರಿಯಿತು, ಮೈದಾನದ ಸುಣ್ಣದ ಗೆರೆಗಳು ಕರಗಿ ಹೋದವು. ಆಮೇಲೆ ಮಳೆ ನಿಂತಿತು. ಬಿಸಿಲು ಬಂತು. ಮಕ್ಕಳು ಒಬ್ಬೊಬ್ಬರೇ ಎದ್ದು ಬಂದು ನನ್ನ ಕೈಯ ಸುತ್ತ ನಿಂತರು. ಹತ್ತು. ಹದಿನೈದು. ಇಪ್ಪತ್ತು. ಆ 1500 ಮೀಟರ್ ಹುಡುಗಿ ನನ್ನ ಮಣಿಕಟ್ಟನ್ನೇ ಹಿಡಿದುಕೊಂಡಿದ್ದಳು. “ಸಾ, ಇಪ್ಪತ್ತಾರಾಯ್ತು ಸಾ” ಅಂದಳು.

ಆಗ ಬೇಲೂರು ದಿಕ್ಕಿನಿಂದ, ಬಹಳ ದೂರದಲ್ಲಿ, ಡೊಳ್ಳಿನ ಮೇಲೆ ಕೈ ಸವರಿದ ಹಾಗೆ ಒಂದು ಸದ್ದು ಉರುಳಿ ಬಂತು. ಎಲ್ಲರೂ ನನ್ನ ಮುಖ ನೋಡಿದರು. ನಾನು ನಿಲ್ಲಿಸಿ, ಕೆಳಗಿನ ಬಟನ್ ಒತ್ತಿದೆ. ಕೆಂಪು ಮುಳ್ಳು ಟಪ್ ಅಂತ ಹಾರಿ ಹನ್ನೆರಡರ ಗೆರೆಯ ಮೇಲೆ ನೆಟ್ಟಗೆ ನಿಂತಿತು.

“ಮತ್ತೆ ಸೊನ್ನೆಯಿಂದಾನಾ ಸಾ?”

“ಹೂಂ ಕಣವ್ವ” ಅಂದು ಮೇಲಿನ ಬಟನ್ ಒತ್ತಿದೆ.